ಬೆಳಗಿನ ಬೆಳಕಿನಲ್ಲಿ ನವಿಲು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಪರಿಸರ ಮತ್ತು ಪಕ್ಷಿ ಛಾಯಾಗ್ರಹಣದ ಚಾರಿತ್ರಿಕ ನೆಲೆ

ಕನ್ನಡ ನಾಡಿನ ಕಲೆ, ಸಾಹಿತ್ಯ ಮತ್ತು ಜನಜೀವನದಲ್ಲಿ ನವಿಲಿನಷ್ಟು ಚಿತ್ರಿತವಾದ ಹಕ್ಕಿ ಬೇರೊಂದಿಲ್ಲ. ಹೊಯ್ಸಳ ಶಿಲ್ಪದಿಂದ ಹಿಡಿದು ಸೀರೆಯ ಅಂಚಿನವರೆಗೆ ಅದರ ರೂಪ ಹಬ್ಬಿಕೊಂಡಿದೆ. ಆದರೆ ಈ ಚಿತ್ರಗಳಲ್ಲಿ ಬಹುಪಾಲು ನವಿಲಿನ ಕಲ್ಪನೆಯನ್ನು ಕುರಿತವೇ ಹೊರತು ಒಂದು ನಿರ್ದಿಷ್ಟ ನೆಲದಲ್ಲಿ, ನಿರ್ದಿಷ್ಟ ದಿನ, ನಿರ್ದಿಷ್ಟ ಹೊತ್ತಿನಲ್ಲಿ ಬದುಕಿದ್ದ ಹಕ್ಕಿಯನ್ನು ಕುರಿತವಲ್ಲ. ಈ ವ್ಯತ್ಯಾಸವನ್ನು ಸಾಧ್ಯವಾಗಿಸಿದುದು ಛಾಯಾಗ್ರಹಣ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳ ಪರಿಸರವನ್ನು ಆಧಾರವಾಗಿಟ್ಟುಕೊಂಡು, ನೈಸರ್ಗಿಕವಾದ ಬೆಳಗಿನ ಬೆಳಕಿನಲ್ಲಿ ನವಿಲನ್ನು ಚಿತ್ರಿಸುವ ಪದ್ಧತಿ ಹೇಗೆ ರೂಪುಗೊಂಡಿತು ಹಾಗೂ ಅಂಥ ಚಿತ್ರಕ್ಕೆ ಚರಿತ್ರೆಯ ಆಕರವಾಗಿ ಯಾವ ಬೆಲೆಯಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ನೆಲ ಮತ್ತು ಹಕ್ಕಿ

ಈ ಮೂರು ತಾಲೂಕುಗಳು ಆಡಳಿತದ ದೃಷ್ಟಿಯಿಂದ ನೆರೆಹೊರೆಯವಾದರೂ ಕಾಡಿನ ಸ್ವರೂಪದಲ್ಲಿ ಒಂದೇ ಅಲ್ಲ. ತುಂಗಾ ತೀರದ ಶೃಂಗೇರಿ ಪಶ್ಚಿಮಘಟ್ಟದ ಶಿಖರಶ್ರೇಣಿಗೆ ಅಂಟಿಕೊಂಡಿದ್ದು, ಅಧಿಕ ಮಳೆಯ ನಿತ್ಯಹರಿದ್ವರ್ಣದ ಕಾಡುಗಳಿಂದ ಆವೃತವಾಗಿದೆ. 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ ಇದರ ದಕ್ಷಿಣಕ್ಕೆ ಹಬ್ಬಿದೆ. ಕೊಪ್ಪವು ಅಡಿಕೆ ತೋಟ, ಕಾಫಿ, ಕಣಿವೆಯ ಗದ್ದೆ ಮತ್ತು ಸೊಪ್ಪಿನಬೆಟ್ಟಗಳ ನಡುನಾಡು. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದ ನರಸಿಂಹರಾಜಪುರವು ಪೂರ್ವಕ್ಕೆ ಸರಿದಂತೆ ಎಲೆಯುದುರುವ ಕಾಡುಗಳ ವಲಯವನ್ನು ಸೇರುತ್ತದೆ. 1960ರ ದಶಕದಲ್ಲಿ ಪೂರ್ಣಗೊಂಡ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಚಾಚಿಕೊಂಡಿದೆ. 1951ರಲ್ಲಿ ಜಾಗರ ಕಣಿವೆಯ ವನ್ಯಧಾಮವಾಗಿ ಆರಂಭಗೊಂಡು, 1974ರಲ್ಲಿ ಭದ್ರಾ ಅಭಯಾರಣ್ಯವಾಗಿ ವಿಸ್ತಾರಗೊಂಡು, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಇದೇ ದಿಕ್ಕಿನಲ್ಲಿದೆ.

ನವಿಲು ಮೂಲತಃ ಒಣ ಎಲೆಯುದುರುವ ಕಾಡು, ಕುರುಚಲು ಮತ್ತು ಬಯಲುಗಳ ಅಂಚಿನ ಹಕ್ಕಿ. ನೆಲದಲ್ಲಿ ಕೆದಕಿ ಮೇಯುವ, ಅಪಾಯ ಕಂಡರೆ ಓಡಿ ಪೊದೆ ಸೇರುವ ಸ್ವಭಾವದ ಇದಕ್ಕೆ ಹತ್ತಿರದಲ್ಲೇ ತೆರವಾದ ಜಾಗ, ರಾತ್ರಿ ತಂಗಲು ಎತ್ತರದ ಮರ, ಕುಡಿಯಲು ನೀರು ಬೇಕು. ಆದುದರಿಂದ ಭದ್ರೆಯ ಕಡೆಯ ಎಲೆಯುದುರುವ ಕಾಡಿಗೆ ನವಿಲು ಹಳೆಯ ನಿವಾಸಿ. ಶೃಂಗೇರಿಯ ದಟ್ಟ ಮಳೆಕಾಡಿನ ಒಳಭಾಗ ಅದರ ಸಹಜ ನೆಲೆಯಲ್ಲ. ಆದರೂ ಕೊಪ್ಪ, ಶೃಂಗೇರಿಗಳ ಗದ್ದೆಬಯಲಿನಲ್ಲಿ ನವಿಲಿನ ಕೇಗು ಇಂದು ಅಪರಿಚಿತವಲ್ಲ. ಈ ಪಲ್ಲಟವನ್ನು ಅರಿಯಲು ಹಳೆಯ ದಾಖಲೆಗಳ ಅಗತ್ಯವಿದೆ. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಕುರಿತು ಸಲೀಂ ಅಲಿಯವರು 1939-40ರಲ್ಲಿ ನಡೆಸಿದ ಸಮೀಕ್ಷೆ, 1942-43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದು ಪದಗಳಲ್ಲಿ ಮತ್ತು ಸಂಗ್ರಹಿಸಿದ ಹಕ್ಕಿಗಳ ಚರ್ಮದ ಮಾದರಿಗಳಲ್ಲಿ ಉಳಿದ ದಾಖಲೆ. ಬದುಕಿರುವ ಹಕ್ಕಿಯನ್ನು ಅದರ ನೆಲೆಯ ಸಮೇತ ತೋರಿಸಬಲ್ಲ ದಾಖಲೆ ಬೇರೆ ಹಾದಿಯಿಂದ ಬರಬೇಕಾಯಿತು.

ಕ್ಯಾಮೆರಾಪೂರ್ವದ ನವಿಲು

ಶೃಂಗೇರಿಯ ಶಾರದಾ ಪೀಠದಲ್ಲಿ ಶರನ್ನವರಾತ್ರಿಯಂದು ದೇವಿಗೆ ದಿನಕ್ಕೊಂದರಂತೆ ಮಾಡುವ ಅಲಂಕಾರಗಳಲ್ಲಿ ಮಯೂರವಾಹನ ಅಲಂಕಾರವೂ ಒಂದು; ಅಲ್ಲಿ ಶಾರದೆ ಕೌಮಾರಿಯ ರೂಪದಲ್ಲಿ ದರ್ಶನ ನೀಡುತ್ತಾಳೆ. ರಾಜಾ ರವಿವರ್ಮನು 1890ರ ದಶಕದಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಬಂದ ಸರಸ್ವತಿಯ ಪಟದಲ್ಲಿ ವೀಣೆಯ ಪಕ್ಕದಲ್ಲಿ ನವಿಲಿದೆ. ಇಂಥ ಮುದ್ರಿತ ಪಟಗಳು ದೇಶದಾದ್ಯಂತ ಮನೆಗಳ ಗೋಡೆಯನ್ನೇರಿದುದರಿಂದ, ಗರಿಯ ಬಣ್ಣವನ್ನು ಹತ್ತಿರದಿಂದ ಕಾಣದವರಿಗೂ ನವಿಲಿನ ರೂಪ ಪರಿಚಿತವಾಯಿತು. ಈ ನವಿಲುಗಳಿಗೆ ಹೊತ್ತಿಲ್ಲ, ಋತುವಿಲ್ಲ. ಅವುಗಳ ಮೇಲೆ ಬೀಳುವ ಬೆಳಕು ಯಾವ ದಿಕ್ಕಿನಿಂದಲೂ ಬಂದುದಲ್ಲ.

ಅದೇ ಶೃಂಗೇರಿಯಲ್ಲಿ ಬೆಳಗಿನ ಬೆಳಕನ್ನು ಕಾಲದ ಲೆಕ್ಕಕ್ಕೆ ಬಳಸಿದ ಇನ್ನೊಂದು ಪರಂಪರೆಯೂ ಇದೆ. 14ನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಮಂಟಪದಲ್ಲಿ ಹನ್ನೆರಡು ರಾಶಿಗಳನ್ನು ಕಂಡರಿಸಿದ ಹನ್ನೆರಡು ಕಂಬಗಳಿದ್ದು, ಆಯಾ ಸೌರಮಾಸದಲ್ಲಿ ಬೆಳಗಿನ ಸೂರ್ಯಕಿರಣ ಆಯಾ ರಾಶಿಯ ಕಂಬವನ್ನು ಮುಟ್ಟುತ್ತದೆಂಬ ಪ್ರತೀತಿಯಿದೆ. ಬೆಳಗಿನ ಕಿರಣದ ಕೋನವೇ ಮಾಸವನ್ನು ಸೂಚಿಸುತ್ತದೆ ಎಂಬ ಈ ಕಲ್ಪನೆ, ಬೆಳಕು ಕೇವಲ ಅಲಂಕಾರವಲ್ಲ, ಅದೊಂದು ಸಾಕ್ಷ್ಯ ಎಂಬ ತಿಳಿವಳಿಕೆಯನ್ನು ಒಳಗೊಂಡಿದೆ. ಮುಂದೆ ಛಾಯಾಗ್ರಹಣವು ಬೇರೆ ಮಾರ್ಗದಿಂದ ತಲುಪಿದ ತಿಳಿವಳಿಕೆಯೂ ಇದೇ.

ಕರ್ನಾಟಕಕ್ಕೆ ಕ್ಯಾಮೆರಾ ಬಂದುದು ಬೇಗ. ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಚಿತ್ರಿಸಿದನು. ಅಂದಿನ ಕಾಗದದ ನೆಗೆಟಿವ್‌ಗಳಿಗೆ ದೀರ್ಘಕಾಲದ ಬೆಳಕು ಬೇಕಾಗುತ್ತಿದ್ದುದರಿಂದ ಅಲುಗಾಡದ ವಸ್ತು ಮಾತ್ರ ಅವುಗಳಲ್ಲಿ ಸ್ಪಷ್ಟವಾಗಿ ಮೂಡುತ್ತಿತ್ತು. ಕಲ್ಲಿನ ನವಿಲು ಕ್ಯಾಮೆರಾಕ್ಕೆ ಒಗ್ಗಿತು. ಜೀವಂತ ನವಿಲು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಮರಸಿನಿಂದ ಮರೆಗೆ

ಮಲೆನಾಡಿನಲ್ಲಿ ಕಾಡುಪ್ರಾಣಿಗಳನ್ನು ಹತ್ತಿರದಿಂದ ಬಲ್ಲವರು ಬೇಟೆಗಾರರು. ನೀರಿನ ಬಳಿ, ಹಣ್ಣುದುರುವ ಮರದಡಿ ಅಥವಾ ಗದ್ದೆಯಂಚಿನಲ್ಲಿ ಸೊಪ್ಪಿನ ಮರೆ ಕಟ್ಟಿಕೊಂಡು ಕೋವಿ ಹಿಡಿದು ಕಾದು ಕೂರುವುದನ್ನು ಇಲ್ಲಿ ‘ಮರಸು ಕೂರುವುದು’ ಎನ್ನುತ್ತಾರೆ. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿ, ನೆರೆಯ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಮತ್ತು ‘ಕಾನೂರು ಹೆಗ್ಗಡಿತಿ’ (1936) ಕೃತಿಗಳಲ್ಲಿ ಈ ಬೇಟೆಯ ಲೋಕ ವಿವರವಾಗಿ ಚಿತ್ರಿತವಾಗಿದೆ. ಗಾಳಿಯ ದಿಕ್ಕನ್ನು ನೋಡಿ ಕೂರುವುದು, ಸದ್ದಿಲ್ಲದೆ ಉಸಿರಾಡುವುದು, ಹೆಜ್ಜೆಗುರುತನ್ನು ಓದುವುದು, ಯಾವ ಹೊತ್ತಿಗೆ ಯಾವ ಪ್ರಾಣಿ ಎಲ್ಲಿಗೆ ಇಳಿಯುತ್ತದೆಂದು ತಿಳಿದಿರುವುದು ಮರಸಿನ ವಿದ್ಯೆ. ಪಕ್ಷಿ ಛಾಯಾಗ್ರಾಹಕನು ಬಳಸುವ ಬಟ್ಟೆಯ ಅಥವಾ ಸೊಪ್ಪಿನ ಮರೆಗೂ ಇದೇ ವಿದ್ಯೆ ಬೇಕು. ಒಂದೇ ವ್ಯತ್ಯಾಸವೆಂದರೆ, ಬೇಟೆಗಾರನಿಗೆ ಮಬ್ಬುಗತ್ತಲು ಸಾಕು. ಛಾಯಾಗ್ರಾಹಕನಿಗೆ ಬೆಳಕು ಬೇಕು.

ಕೋವಿಯಿಂದ ಕ್ಯಾಮೆರಾಕ್ಕೆ ನಡೆದ ಈ ಪಲ್ಲಟಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ನವಿಲು 1963ರಲ್ಲಿ ರಾಷ್ಟ್ರಪಕ್ಷಿಯೆಂದು ಘೋಷಿತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯಿದೆ. ಕರ್ನಾಟಕದಲ್ಲಿ ನವಿಲಿಗೆಂದೇ ಮಂಡ್ಯ ಜಿಲ್ಲೆಯ ಆದಿಚುಂಚನಗಿರಿಯಲ್ಲಿ 1981ರಲ್ಲಿ ಧಾಮ ರೂಪುಗೊಂಡಿತು. 2006ರಲ್ಲಿ ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಪ್ರದೇಶಕ್ಕೂ ಸಂರಕ್ಷಿತ ಸ್ಥಾನ ದೊರೆಯಿತು. ಇವೆರಡೂ ಬಯಲುಸೀಮೆಗೆ ಸೇರಿದವು ಎಂಬುದು ಗಮನಾರ್ಹ. ಮಲೆನಾಡಿನ ನವಿಲಿಗೆ ಪ್ರತ್ಯೇಕ ಧಾಮವಿಲ್ಲ; ಅದರ ಚರಿತ್ರೆ ಗದ್ದೆ, ಹಕ್ಕಲು, ತೋಟದಂಚುಗಳಲ್ಲಿ ಹರಡಿಕೊಂಡಿದೆ.

ಉಪಕರಣದ ದಾರಿ

ಹಕ್ಕಿಯನ್ನು ಅದರ ನೆಲೆಯಲ್ಲೇ ಚಿತ್ರಿಸುವ ಪ್ರಯತ್ನಗಳು ಇಂಗ್ಲೆಂಡಿನಲ್ಲಿ 1890ರ ದಶಕದಲ್ಲಿ ಮೊದಲಾದವು. ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿರುವ ಗೂಡನ್ನು ಚಿತ್ರಿಸಿ, 1895ರಲ್ಲಿ ಅಂಥ ಛಾಯಾಚಿತ್ರಗಳ ಗ್ರಂಥವನ್ನು ಹೊರತಂದರು. ಭಾರತದಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಉತ್ತರದ ಕಾಡುಗಳಲ್ಲಿ, ಪ್ರಾಣಿ ತಾನೇ ತುಳಿದ ತಂತಿಯಿಂದ ಹೊತ್ತುವ ಬೆಳಕಿನಲ್ಲಿ ಹುಲಿಗಳನ್ನು ಚಿತ್ರಿಸಿ 1927ರಲ್ಲಿ ಗ್ರಂಥ ಪ್ರಕಟಿಸಿದರು. ಹಕ್ಕಿಗಳ ಚಿತ್ರಣವನ್ನೇ ಕುರಿತ ಇ.ಎಚ್.ಎನ್. ಲೋಥರ್ ಅವರ ಕೃತಿ 1949ರಲ್ಲಿ ಬಂದಿತು. ಹೀಗೆ ಆರಂಭದಲ್ಲಿಯೇ ಎರಡು ಮಾರ್ಗಗಳು ಕವಲೊಡೆದವು: ಬೆಳಕನ್ನು ತಾನೇ ಒಯ್ಯುವುದು ಒಂದು, ಇರುವ ಬೆಳಕಿಗಾಗಿ ಕಾಯುವುದು ಇನ್ನೊಂದು.

ಕರ್ನಾಟಕದಲ್ಲಿ ಈ ಕಲೆಗೆ ಸಂಘಟನೆಯ ಬಲ ದೊರೆತುದು ಬೆಂಗಳೂರಿನಿಂದ. 1953ರಲ್ಲಿ ಸ್ಥಾಪನೆಯಾದ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿಯನ್ನು ಕಟ್ಟುವಲ್ಲಿ ಡಾ. ಜಿ. ಥಾಮಸ್ ಪ್ರಮುಖರು. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅನೇಕ ಹವ್ಯಾಸಿಗಳಿಗೆ ಶಿಕ್ಷಣದ ನೆಲೆಯಾಯಿತು. ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಬೆಳೆದ ಟಿ.ಎನ್.ಎ. ಪೆರುಮಾಳ್ (1932-2017), ಅವರ ಸಮಕಾಲೀನರಾದ ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ (1931-2011) ವನ್ಯಜೀವಿ ಛಾಯಾಗ್ರಹಣಕ್ಕೆ ರಾಜ್ಯದಲ್ಲಿ ಗಟ್ಟಿಯಾದ ತಳಹದಿ ಹಾಕಿದರು. ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಘೋರ್ಪಡೆಯವರು ಕಪ್ಪುಬಿಳುಪಿನ ಮಾಧ್ಯಮವನ್ನು ಬಿಡದೆ ಹಿಡಿದವರು; 1983ರ ಅವರ ಗ್ರಂಥದ ಶೀರ್ಷಿಕೆಯೇ ಬಿಸಿಲು ಮತ್ತು ನೆರಳುಗಳನ್ನು ಹೆಸರಿಸುತ್ತದೆ. ಬಣ್ಣವೇ ತನ್ನ ಗುರುತಾಗಿರುವ ನವಿಲಿನ ವಿಷಯದಲ್ಲಿ ಕಪ್ಪುಬಿಳುಪು ಒಂದು ಪಾಠವನ್ನು ಕಲಿಸುತ್ತದೆ: ಬಣ್ಣವನ್ನು ಕಳೆದರೂ ಉಳಿಯುವುದು ಬೆಳಕಿನ ದಿಕ್ಕು.

ಮಲೆನಾಡಿನ ಒಳಗಿನಿಂದಲೇ ಈ ಪರಂಪರೆಗೆ ಬಂದವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938-2007). ಕುಪ್ಪಳಿಯಲ್ಲಿ ಹುಟ್ಟಿ, ಮೂಡಿಗೆರೆಯಲ್ಲಿ ಕೃಷಿಕರಾಗಿ ನೆಲೆಸಿದ ಅವರು, ಹಕ್ಕಿಗಳನ್ನು ತಮ್ಮ ತೋಟದ ಸುತ್ತಲಿನ ಬದುಕಿನ ಭಾಗವಾಗಿ ಕಂಡು ಚಿತ್ರಿಸಿದರು. ಪಕ್ಷಿಪರಿಚಯದ ಅವರ ಪುಸ್ತಕಗಳಿಂದ, ಇಂಗ್ಲಿಷಿನಲ್ಲಿ ಮಾತ್ರ ಲಭ್ಯವಿದ್ದ ತಿಳಿವಳಿಕೆಯ ಬಹುಭಾಗ ಕನ್ನಡ ಓದುಗನ ಕೈಗೆ ಬಂದಿತು. ಪಕ್ಷಿ ಛಾಯಾಗ್ರಹಣವು ನಗರದ ಸಲೋನುಗಳಿಂದ ಹಳ್ಳಿಯ ತೋಟಕ್ಕೆ ಇಳಿದುಬಂದ ಘಟ್ಟವಿದು.

ಈ ತಲೆಮಾರಿನವರ ಕೈಕಟ್ಟಿದ್ದು ಫಿಲ್ಮು. ಸಾರ್ವಜನಿಕ ವಲಯದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆ ಉದಕಮಂಡಲದಲ್ಲಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಕಪ್ಪುಬಿಳುಪಿನ ಫಿಲ್ಮು ದೇಶದಲ್ಲೇ ದೊರೆಯಿತು; ಉತ್ತಮ ಬಣ್ಣದ ಸ್ಲೈಡ್ ಫಿಲ್ಮು ಮಾತ್ರ ಹೊರಗಿನಿಂದಲೇ ಬರಬೇಕಿತ್ತು. ಸ್ಲೈಡ್ ಫಿಲ್ಮಿನ ವೇಗವೂ ಕಡಿಮೆ. ಬೆಳಕಿನ ಲೆಕ್ಕ ಹೀಗಿದೆ: 64ರ ವೇಗದ ಫಿಲ್ಮಿಗೆ ಪೂರ್ಣ ಬಿಸಿಲಿನಲ್ಲಿ ಎಫ್ 5.6 ರಂಧ್ರಕ್ಕೆ ಸುಮಾರು 1/500 ಸೆಕೆಂಡ್ ಸಾಕು. ಸೂರ್ಯೋದಯದ ಆಸುಪಾಸಿನಲ್ಲಿ ಬೆಳಕು ಅದರ ಎಂಟನೆಯ ಒಂದು ಭಾಗಕ್ಕೆ ಇಳಿದಾಗ ಅದೇ ರಂಧ್ರಕ್ಕೆ 1/60 ಸೆಕೆಂಡ್ ಬೇಕು. 400 ಮಿಲಿಮೀಟರಿನ ಮಸೂರವನ್ನು ಆ ವೇಗದಲ್ಲಿ ಕೈಯಲ್ಲಿ ಹಿಡಿದರೆ ಚಿತ್ರ ಅಲುಗುವುದು ಖಚಿತ. ಮುಕ್ಕಾಲಿಪೀಠ, ಮರೆ, ಕಾಯುವಿಕೆ ಇವು ಆ ಕಾಲದ ಶೈಲಿಯಾಗಿರಲಿಲ್ಲ, ಅನಿವಾರ್ಯತೆಯಾಗಿದ್ದವು. 800ರ ವೇಗವನ್ನು ಸಲೀಸಾಗಿ ನೀಡುವ ಡಿಜಿಟಲ್ ಕ್ಯಾಮೆರಾದಲ್ಲಿ ಅದೇ ಬೆಳಕಿಗೆ ಸುಮಾರು 1/750 ಸೆಕೆಂಡ್ ಸಿಗುತ್ತದೆ. ಬೆಳಗಿನ ಮೊದಲ ಬೆಳಕು ಎಲ್ಲ ಹವ್ಯಾಸಿಗಳಿಗೂ ಎಟುಕಿದ್ದು ಈ ಶತಮಾನದಲ್ಲಿ.

ಬೆಳಗಿನ ಬೆಳಕು ಏಕೆ

ನವಿಲಿನ ಕೊರಳಿನ ನೀಲಿ, ಸೋಗೆಯ ಹಸಿರು ಇವು ಬಣ್ಣದ ದ್ರವ್ಯದಿಂದ ಆದುವಲ್ಲ. ಗರಿಯ ಎಳೆಗಳಲ್ಲಿ ಮೆಲನಿನ್ನಿನ ಅತಿಸೂಕ್ಷ್ಮ ಕಡ್ಡಿಗಳು ಜಾಲಂದ್ರದಂತೆ ಜೋಡಣೆಗೊಂಡಿದ್ದು, ಅವುಗಳ ನಡುವಣ ಅಂತರಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದ ಬೆಳಕು ಪ್ರತಿಫಲಿಸುತ್ತದೆ. 1665ರಲ್ಲಿ ರಾಬರ್ಟ್ ಹೂಕ್ ಸೂಕ್ಷ್ಮದರ್ಶಕದಡಿ ಈ ಗರಿಯನ್ನು ಪರೀಕ್ಷಿಸಿದ್ದನು. ಜಾಲಂದ್ರದ ರಚನೆಯನ್ನು ಚೀನೀ ವಿಜ್ಞಾನಿಗಳು 2003ರಲ್ಲಿ ವಿಶದಪಡಿಸಿದರು. ಇದರ ಪರಿಣಾಮವೆಂದರೆ, ನವಿಲಿನ ಬಣ್ಣ ನವಿಲಿನಲ್ಲಷ್ಟೇ ಇಲ್ಲ. ಸೂರ್ಯ, ಗರಿ ಮತ್ತು ನೋಡುವ ಕಣ್ಣು ಈ ಮೂರರ ನಡುವಣ ಕೋನದಲ್ಲಿಯೂ ಇದೆ. ನೆತ್ತಿಯ ಮೇಲಿನ ಮಧ್ಯಾಹ್ನದ ಬಿಸಿಲಿನಲ್ಲಿ ಬೆನ್ನು ಬೆಳ್ಳಗೆ ಹೊಳೆದು ಎದೆ ಕಪ್ಪಗೆ ಮಡುಗಟ್ಟುತ್ತದೆ. ಕ್ಷಿತಿಜದ ಬಳಿಯಿಂದ ಅಡ್ಡವಾಗಿ ಬರುವ ಬೆಳಗಿನ ಬೆಳಕು ಕೊರಳಿನಿಂದ ಸೋಗೆಯ ತುದಿಯವರೆಗೆ ಒಂದೇ ಸಮನಾಗಿ ಹರಿಯುತ್ತದೆ. ಆದರೆ ತೀರ ಮೊದಲ ಕಿರಣದಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಆಗ ಕೊರಳು ಮಸುಕಾಗಿ ತೋರುತ್ತದೆ. ಸೂರ್ಯ ಕೊಂಚ ಮೇಲೇರಿದಂತೆ ನೀಲಿ ಅರಳುತ್ತದೆ. ಈ ಎರಡರ ನಡುವಣ ಸ್ವಲ್ಪ ಹೊತ್ತು ಛಾಯಾಗ್ರಾಹಕನ ಪಾಲಿನದು.

ಕೃತಕ ಬೆಳಕಿನ ತೊಡಕೂ ಇಲ್ಲೇ ಇದೆ. ಕ್ಯಾಮೆರಾದ ಮೇಲಿಂದ ಹೊಮ್ಮುವ ಮಿಂಚುಬೆಳಕು ನೋಡುವ ದಿಕ್ಕಿನಿಂದಲೇ ಹೊರಡುವುದರಿಂದ, ಪ್ರಕೃತಿಯಲ್ಲಿ ಕಾಣದ ಹೊಳಪನ್ನು ಗರಿಗೆ ಹೇರುತ್ತದೆ. ಗಂಡುನವಿಲು ತಾನೇ ಸೂರ್ಯನ ದಿಕ್ಕನ್ನು ಗಮನಿಸುತ್ತದೆಂಬುದು 2009ರಲ್ಲಿ ರೋಸ್ಲಿನ್ ಡೇಕಿನ್ ಮತ್ತು ರಾಬರ್ಟ್ ಮಾಂಟ್ಗೊಮರಿ ಪ್ರಕಟಿಸಿದ ಅಧ್ಯಯನದಿಂದ ತಿಳಿದಿದೆ. ಸೋಗೆ ಬಿಚ್ಚಿ ನಿಂತ ಗಂಡು, ಹೆಣ್ಣು ಎದುರಿಗಿರುವಾಗ, ಸೂರ್ಯನ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಅಂದರೆ ನೈಸರ್ಗಿಕ ಬೆಳಕಿನಲ್ಲಿ ತೆಗೆದ ಚಿತ್ರ ಹಕ್ಕಿಯ ರೂಪವನ್ನಷ್ಟೇ ಅಲ್ಲ, ಅದರ ನಡವಳಿಕೆಯನ್ನೂ ದಾಖಲಿಸುತ್ತದೆ. ಮಿಂಚುಬೆಳಕಿನ ಚಿತ್ರದಲ್ಲಿ ಆ ಮಾಹಿತಿ ಅಳಿಸಿಹೋಗುವ ಸಂಭವವಿದೆ. ಕುಣಿಯುವ ನವಿಲಿನ ಸೋಗೆ ಸೆಕೆಂಡಿಗೆ ಸುಮಾರು 25 ಬಾರಿ ಕಂಪಿಸುತ್ತದೆ, ಆದರೂ ಗರಿಗಣ್ಣುಗಳು ಬಹುಮಟ್ಟಿಗೆ ನಿಶ್ಚಲವಾಗಿ ತೋರುತ್ತವೆ ಎಂದು 2016ರ ಇನ್ನೊಂದು ಅಧ್ಯಯನ ಹೇಳುತ್ತದೆ. ಫಿಲ್ಮಿನ ಕಾಲದ ನಿಧಾನಗತಿಯ ಚಿತ್ರಗಳಲ್ಲಿ ಎಳೆಗಳು ಮಸುಕಾಗಿ ಕಣ್ಣುಗಳು ಸ್ಪಷ್ಟವಾಗಿದ್ದರೆ, ಅದನ್ನು ತಾಂತ್ರಿಕ ದೋಷವೆಂದು ತಳ್ಳಿಹಾಕುವಂತಿಲ್ಲ.

ಮಲೆನಾಡಿನ ಋತುಚಕ್ರ ಈ ಕೆಲಸಕ್ಕೆ ಮತ್ತೊಂದು ಕಟ್ಟು ಹಾಕುತ್ತದೆ. ಸೋಗೆಯು ನಿಜವಾಗಿ ಬಾಲವಲ್ಲ, ಬಾಲದ ಮೇಲಿನ ಹೊದಿಕೆಗರಿಗಳು. ಅವು ಮಳೆಗಾಲದ ಕೊನೆಯ ವೇಳೆಗೆ ಉದುರಿ, ಬೇಸಿಗೆಯ ಹೊತ್ತಿಗೆ ಮತ್ತೆ ಪೂರ್ಣವಾಗಿ ಬೆಳೆದಿರುತ್ತವೆ. ಬಯಲುಸೀಮೆಯಲ್ಲಿ ಮಳೆಯ ನಡುವೆಯೂ ಬಿಸಿಲಿನ ಬೆಳಗುಗಳು ಸಿಗುತ್ತವೆ. ಶೃಂಗೇರಿ, ಕೊಪ್ಪಗಳಲ್ಲಿ ಜೂನ್ ತಿಂಗಳಿನಿಂದ ಕವಿಯುವ ಮೋಡ, ಮಳೆ, ಕಾವಳ ವಾರಗಟ್ಟಲೆ ಸೂರ್ಯನನ್ನು ಮರೆಮಾಡುತ್ತವೆ. ಚಳಿಗಾಲದಲ್ಲಿ ಬೆಳಕು ನಿರ್ಮಲವಾಗಿರುತ್ತದೆ, ಆದರೆ ಸೋಗೆ ಅಪೂರ್ಣ. ಕಣಿವೆಯ ಮಂಜು ಕರಗುವ ಹೊತ್ತಿಗೆ ಬೆಳಗಿನ ಮೃದುತ್ವವೂ ಕಳೆದಿರುತ್ತದೆ. ಹೀಗಾಗಿ ತುಂಬಿದ ಸೋಗೆ ಮತ್ತು ತಿಳಿಯಾದ ಬೆಳಕು ಒಟ್ಟಿಗೆ ದೊರೆಯುವುದು ಸ್ಥೂಲವಾಗಿ ಮಾರ್ಚಿನಿಂದ ಮೇ ಕೊನೆಯವರೆಗೆ ಮಾತ್ರ. ಇದೇ ಅವಧಿಯಲ್ಲಿ ಕೊಯ್ಲಾದ ಗದ್ದೆಗಳು ತೆರವಾಗಿರುತ್ತವೆ, ಭದ್ರೆಯ ಹಿನ್ನೀರು ಇಳಿದು ಹುಲ್ಲಿನ ದಡಗಳು ಹೊರಬೀಳುತ್ತವೆ, ಎಲೆಯುದುರಿದ ಕಾಡಿನೊಳಗೆ ಓರೆಬೆಳಕು ನೆಲವನ್ನು ಮುಟ್ಟುತ್ತದೆ. ರಾತ್ರಿ ತಂಗಿದ ಮರದಿಂದ ನವಿಲು ನೆಲಕ್ಕಿಳಿಯುವುದೂ ಬೆಳಗಿನ ಈ ಹೊತ್ತಿನಲ್ಲೇ. ತಂಗುಮರಕ್ಕೆ ತೀರ ಹತ್ತಿರ ಹೋದರೆ ಹಕ್ಕಿ ಆ ಮರವನ್ನೇ ತೊರೆಯಬಹುದು. ಆದುದರಿಂದ ಮರೆಯನ್ನು ಮೇವಿನ ಜಾಗದ ಅಂಚಿನಲ್ಲಿ, ಸೂರ್ಯನಿಗೆ ಬೆನ್ನುಮಾಡಿ, ಕತ್ತಲಿರುವಾಗಲೇ ಸೇರಿಕೊಳ್ಳುವುದು ಅನುಭವಿಗಳ ಕ್ರಮ.

ಚಿತ್ರವೆಂಬ ಆಕರ

ಪ್ರಕೃತಿಯ ಚಿತ್ರ ಯಾವುದೆಂಬ ಬಗ್ಗೆ ಅಮೆರಿಕದ ಪಿ.ಎಸ್.ಎ., ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್.ಐ.ಎ.ಪಿ. ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗಳು ಒಪ್ಪಿದ ಸಮಾನ ವ್ಯಾಖ್ಯೆ 2015ರ ಜನವರಿಯಿಂದ ಜಾರಿಗೆ ಬಂದಿತು. ದೃಶ್ಯದ ಸತ್ಯವನ್ನು ಬದಲಿಸುವಂತೆ ಚಿತ್ರದಲ್ಲಿ ಏನನ್ನೂ ಸೇರಿಸಬಾರದು, ತೆಗೆಯಬಾರದು ಎಂಬುದು ಅದರ ಸಾರ. ಸ್ಪರ್ಧೆಗಳಿಗಾಗಿ ರೂಪಿಸಿದ ಈ ನಿಯಮ ಚರಿತ್ರಕಾರನಿಗೂ ಉಪಯುಕ್ತ. ಹಿಂದಿದ್ದ ಬೇಲಿಯನ್ನೋ ವಿದ್ಯುತ್ ತಂತಿಯನ್ನೋ ಅಳಿಸಿದ ಚಿತ್ರ ಸುಂದರವಾಗಿರಬಹುದು. ಆದರೆ ನವಿಲು ಯಾರ ನೆಲದಲ್ಲಿ, ಯಾವ ಬೆಳೆಯ ನಡುವೆ ನಿಂತಿತ್ತೆಂಬ ಸುಳಿವನ್ನು ಅದು ಕಳೆದುಕೊಂಡಿರುತ್ತದೆ.

ಈ ಸುಳಿವಿನ ಬೆಲೆ ಇಂದು ಹೆಚ್ಚಿದೆ. ಕೇರಳದ ತಿರುವಾಂಕೂರು, ಕೊಚ್ಚಿಗಳಲ್ಲಿ 1933ರ ಸುಮಾರಿಗೆ ಸಲೀಂ ಅಲಿಯವರು ನಡೆಸಿದ ಸಮೀಕ್ಷೆಯಲ್ಲಿ ಕಾಣದ ನವಿಲು ಈಗ ಅಲ್ಲಿ ವ್ಯಾಪಕವಾಗಿದೆ; ತೇವದ ನಾಡು ಒಣಗುತ್ತಿರುವುದರ ಸೂಚನೆ ಇದೆಂದು 2020ರ ಸಂಶೋಧನೆಯೊಂದು ವಾದಿಸಿದೆ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿಯೂ ದೇಶದಲ್ಲಿ ನವಿಲಿನ ಸಂಖ್ಯೆ ಗಣನೀಯವಾಗಿ ಏರಿರುವುದನ್ನು ದಾಖಲಿಸಿದೆ. ಮಲೆನಾಡಿನ ಮಟ್ಟಿಗೆ ಕಾರಣಗಳು ಹಲವಿರಬಹುದು: ಬೇಟೆ ತಗ್ಗಿದುದು, ಕಾಡು ತೆರವಾದುದು, ಗದ್ದೆಗಳು ಪಾಳುಬಿದ್ದುದು, 2001-02ರ ಸುಮಾರಿಗೆ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳು ಸ್ಥಳಾಂತರಗೊಂಡು ಅಲ್ಲಿನ ಗದ್ದೆಗಳು ಹುಲ್ಲುಗಾವಲಾದುದು, ಮಳೆಯ ಲಯ ಬದಲಾದುದು. ಇವುಗಳಲ್ಲಿ ಯಾವುದು ಎಲ್ಲಿ ಎಷ್ಟು ಕೆಲಸ ಮಾಡಿತೆಂದು ನಿರ್ಣಯಿಸಲು ಊರಿನ ಹೆಸರು ಮತ್ತು ದಿನಾಂಕವಿರುವ ಸಾಕ್ಷ್ಯಗಳು ಬೇಕು. ಬಿತ್ತಿದ ಬೀಜ, ಮೊಳಕೆ, ತರಕಾರಿಗಳನ್ನು ನವಿಲು ಮೇಯುವ ಕಡೆಗಳಲ್ಲಿ ರೈತನ ದೂರನ್ನು ತೂಗಿನೋಡಲೂ ಇಂಥ ಸಾಕ್ಷ್ಯವೇ ಆಧಾರ.

ಡಿಜಿಟಲ್ ಚಿತ್ರದಲ್ಲಿ ದಿನಾಂಕ, ಹೊತ್ತು, ಮಸೂರದ ವಿವರಗಳು ತಾವಾಗಿಯೇ ಸೇರಿಕೊಂಡಿರುತ್ತವೆ. ಅದಕ್ಕಿಂತ ಹಿಂದಿನ ಕಾಲದ ನೆಗೆಟಿವ್ ಮತ್ತು ಸ್ಲೈಡುಗಳ ಗತಿ ಬೇರೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಫಿಲ್ಮಿನ ಮೇಲಿನ ಜಿಲೆಟಿನ್ ಪದರದಲ್ಲಿ ಬೂಷ್ಟು ಬೆಳೆಯುತ್ತದೆ, ಬಣ್ಣ ಮಾಸುತ್ತದೆ, ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಊರಿನ ಹೆಸರು ಮೊದಲು ಅಳಿಯುತ್ತದೆ. ಹಳೆಯ ಕಡತ, ಶಾಸನ, ಓಲೆಗರಿಗಳಿಗೆ ದೊರೆತ ಸಂರಕ್ಷಣೆಯ ಕಾಳಜಿ ಹವ್ಯಾಸಿಗಳ ಸ್ಲೈಡು ಪೆಟ್ಟಿಗೆಗಳಿಗೂ ದೊರೆಯಬೇಕಾಗಿದೆ. ಬಹುಮಾನ ಪಡೆದ ಚಿತ್ರಗಳು ಹೇಗೂ ಉಳಿಯುತ್ತವೆ. ಚರಿತ್ರೆಗೆ ಹೆಚ್ಚು ಬೇಕಾದವು, ಸಾಧಾರಣವೆಂದು ಬದಿಗಿಟ್ಟ, ಹಿನ್ನೆಲೆಯಲ್ಲಿ ಗದ್ದೆಯ ಬದು, ಅಡಿಕೆಯ ಸಾಲು, ಮಂಜಿನ ಅಂಚು ಕಾಣುವ ಚಿತ್ರಗಳು.

ಒಟ್ಟಿನಲ್ಲಿ, ಬೆಳಗಿನ ಬೆಳಕಿನ ನವಿಲಿನ ಚಿತ್ರವು ಸೌಂದರ್ಯದ ವಸ್ತುವಾಗಿ ಆರಂಭವಾಗಿ ನೆಲದ ಚರಿತ್ರೆಯ ಪುಟವಾಗಿ ಪರಿಣಮಿಸುತ್ತದೆ. ನೆರಳಿನ ಉದ್ದ ಹೊತ್ತನ್ನು ಹೇಳುತ್ತದೆ, ಸೋಗೆಯ ಉದ್ದ ತಿಂಗಳನ್ನು ಸೂಚಿಸುತ್ತದೆ, ಹಕ್ಕಿಯ ಕಾಲಡಿಯ ನೆಲ ಅದು ಕಾಡೋ ಕೂಳೆಗದ್ದೆಯೋ ಎಂಬುದನ್ನು ತಿಳಿಸುತ್ತದೆ. ಊರಿನ ಹೆಸರನ್ನು ಮಾತ್ರ ಚಿತ್ರ ತಾನೇ ಹೇಳಲಾರದು. ಅದನ್ನು ಚಿತ್ರ ತೆಗೆದವನೇ ಬರೆದಿಡಬೇಕು.